ದಿಲ್ಲಿ ಸೀಟಿನ ಫ್ಲೆಕ್ಸು

ಅಫಜಲಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕೂತವರು ಧರ್ಮಣ್ಣ ಕಂಡಕ್ಟರನನ್ನು ಮರೆಯುವುದು ಕಷ್ಟ. ಅತನೂರಿನಲ್ಲಿ ಯಾರ ಎಮ್ಮೆ ಈದಿದೆ, ಚೌಡಾಪುರ ಕ್ರಾಸಿನಲ್ಲಿ ಯಾರ ಚಹಾದಂಗಡಿ ಮುಚ್ಚಿದೆ, ಗಾಣಗಾಪುರಕ್ಕೆಂದು ಬಂದ ಮಹಾರಾಷ್ಟ್ರದ ಮಂದಿ ಯಾವ ಊರಿನವರು, ಎಲ್ಲವೂ ಅವನಿಗೆ ಗೊತ್ತು. ಅವನಿಗೆ ಗೊತ್ತಾದದ್ದು ಹಿಂದಿನ ಸೀಟಿನವರಿಗೂ ಗೊತ್ತಾಗಲೇಬೇಕು. ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯ. ಆ ಗುಣದಿಂದ ಯಾರಿಗಾದರೂ ಕೆಡುಕಾದೀತು ಎಂದು ಯಾರೂ ಎಣಿಸಿರಲಿಲ್ಲ, ಅವನಂತೂ ಇಲ್ಲವೇ ಇಲ್ಲ.

ಕೊರಳಲ್ಲಿ ಸೀಟಿ ತೂಗುತ್ತಿದ್ದರೂ ಅವನು ಅದನ್ನು ಊದಿದ್ದು ಕಡಿಮೆ. ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುವುದು ಅವನ ರೂಢಿ. ಒಂದು ಏಟು ಬಿದ್ದರೆ ನಿಲ್ಲಿಸು, ಎರಡು ಬಿದ್ದರೆ ಹೊರಡು. ವರ್ಷಗಟ್ಟಲೆ ಜೊತೆಗಿದ್ದ ಡ್ರೈವರ್ ಅಜೀಮನಿಗೆ ಆ ಏಟಿನಲ್ಲೇ ಧರ್ಮಣ್ಣ ಇವತ್ತು ಸಿಟ್ಟಿನಲ್ಲಿದ್ದಾನೋ ಖುಷಿಯಲ್ಲಿದ್ದಾನೋ ತಿಳಿಯುತ್ತಿತ್ತು.

ಅದೇ ಬಡಿತ ಅವನ ಅತನೂರಿನ ಮನೆಗೂ ಬಂದಿತ್ತು. ಮನೆಯಲ್ಲಿ ಹೆಂಡತಿ ಶರಣಬಸಮ್ಮ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೈತ್ರಿ. ಅವಳು ಹೈಸ್ಕೂಲು ಸೇರುವ ಹೊತ್ತಿಗೆ ಹುಟ್ಟಿದವಳು ಗೌತಮಿ. ಗೌತಮಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಹೀಗಾಗಿ ಮಾತೂ ಬರಲಿಲ್ಲ. ಧರ್ಮಣ್ಣ ಡ್ಯೂಟಿ ಮುಗಿಸಿ ಬಂದು ಅವಳು ಕೂತ ಕಬ್ಬಿಣದ ಪಲ್ಲಂಗಕ್ಕೆ ಎರಡು ಏಟು ಹಾಕುತ್ತಿದ್ದ. ಕಬ್ಬಿಣ ನಡುಗಿದ್ದು ಮೈಗೆ ತಿಳಿದು ಅವಳು ತಿರುಗಿ ನಗುತ್ತಿದ್ದಳು. ಅಪ್ಪ ಮಗಳ ನಡುವೆ ಇದ್ದ ಮಾತು ಅಷ್ಟೇ. ಮಿಕ್ಕ ಮಾತೆಲ್ಲ ಮೈತ್ರಿಯದು.

ಅಕ್ಕತಂಗಿ ಇಬ್ಬರೇ ಕೂತು ಕೈಮಾತು ಕಟ್ಟಿಕೊಂಡಿದ್ದರು. ಅಂಗೈಯಲ್ಲಿ ಬಡಿದರೆ ಅಪ್ಪ. ರೊಟ್ಟಿ ತಟ್ಟಿದಂತೆ ಮಾಡಿದರೆ ಅವ್ವ. ಮೈತ್ರಿಯ ಗದ್ದದ ಮೇಲೆ ಒಂದು ಮಚ್ಚೆಯಿತ್ತು, ಗದ್ದ ಮುಟ್ಟಿಕೊಂಡರೆ ಅಕ್ಕ. ಹಸಿವು, ಸಿಟ್ಟು, ನಿನ್ನೆ, ನಾಳೆ, ಸುಳ್ಳು, ಎಲ್ಲಕ್ಕೂ ಒಂದೊಂದು ಸನ್ನೆ ಹುಟ್ಟಿತ್ತು. ಮನೆಯ ಉಳಿದವರಿಗೆ ನಾಲ್ಕೈದು ಮಾತ್ರ ತಿಳಿಯುತ್ತಿದ್ದವು. ಏನಾದರೂ ಬೇಕಾದರೆ ಮೈತ್ರಿಯನ್ನು ಕೇಳಿದರಾಯಿತು ಎಂದು ಅವರೂ ಸುಮ್ಮನಿದ್ದರು. ಊರ ಶಾಲೆಯಲ್ಲಿ ಗೌತಮಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ವರ್ಷ ವರ್ಷ ಮುಂದಕ್ಕೆ ತಳ್ಳುತ್ತಿದ್ದರು. ಶಿಬಿರವೊಂದರಲ್ಲಿ ಕೊಟ್ಟ ಕಿವಿಯಂತ್ರ ಕುಂಯ್‌ಗುಟ್ಟಿ ತಲೆನೋವು ತರುತ್ತಿತ್ತು, ಅದು ಅಲಮಾರಿ ಸೇರಿತು. ದೂರದ ವಸತಿ ಶಾಲೆಗೆ ಕಳಿಸಲು ಶರಣಬಸಮ್ಮನಿಗೆ ಜೀವ ಒಪ್ಪಲಿಲ್ಲ.

ಮೈತ್ರಿ ಕಲಬುರಗಿಯಲ್ಲಿ ಬಿ.ಎ. ಮುಗಿಸಿದ ವರ್ಷ ಅವಳಿಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ದಿಲ್ಲಿಯ ದೊಡ್ಡ ವಿಶ್ವವಿದ್ಯಾಲಯದಲ್ಲಿ, ಎಂ.ಎ.ಗೆ. ಅದರ ಹೆಸರು ಹೇಳಿದರೆ ಕಲಬುರಗಿಯ ಪ್ರೊಫೆಸರುಗಳೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಇನ್ನೊಂದು ಮೈಸೂರಿನ ಒಂದು ಸಣ್ಣ ಕಾಲೇಜಿನಲ್ಲಿ, ಕಿವುಡ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿಗೆ. ಅದರ ಹೆಸರು ಯಾರೂ ಕೇಳಿರಲಿಲ್ಲ. ಮೈತ್ರಿಗೆ ಬೇಕಾದದ್ದು ಅದೇ. ಕಲಿತು ಬಂದು ಅಫಜಲಪುರದಲ್ಲಿ ಒಂದು ಕೋಣೆ ಹಿಡಿದು, ಗೌತಮಿಯನ್ನೂ ಆಳಂದ, ಜೇವರ್ಗಿ ಕಡೆಯ ಅಂಥ ಮಕ್ಕಳನ್ನೂ ಕೂರಿಸಿಕೊಂಡು ಕಲಿಸಬೇಕೆಂದು ಅವಳು ಎಂದೋ ಮನಸ್ಸು ಮಾಡಿದ್ದಳು. ದಿಲ್ಲಿಗೆ ಅರ್ಜಿ ಹಾಕಿದ್ದು ಗೆಳತಿಯರ ಒತ್ತಾಯಕ್ಕೆ.

ಆದರೆ ದಿಲ್ಲಿಯ ಸುದ್ದಿ ಮೊದಲು ಬಂತು, ಅದೂ ಧರ್ಮಣ್ಣ ಬಸ್ಸಿನಲ್ಲಿದ್ದಾಗ, ಫೋನಿನಲ್ಲಿ. ಮುಂದೆ ಏನಾಯಿತೆಂದು ಹೇಳಬೇಕಾಗಿಲ್ಲ. ಚೌಡಾಪುರ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿತ್ತು. ಕಲಬುರಗಿಯಿಂದ ತಿರುಗಿ ಬರುವಾಗ ಪೇಢೆ ತಂದು ಸೀಟು ಸೀಟಿಗೆ ಹಂಚಿದ. ಅಜೀಮ ಸ್ಟೇರಿಂಗ್ ಬಿಡದೆ ಬಾಯಿ ತೆರೆದು ಪೇಢೆ ಹಾಕಿಸಿಕೊಂಡ.

ಬಡಾವಣೆಯ ಹಿರಿಯರಾದ ದೌಲತರಾಯ ಮಾಸ್ತರರು ಅದೇ ವಾರ ಎರಡು ಫ್ಲೆಕ್ಸ್ ಮಾಡಿಸಿದರು. ಒಂದು ಊರ ಬಾಗಿಲಿಗೆ, ಒಂದು ಚೌಡಾಪುರ ಕ್ರಾಸಿಗೆ. ಮೇಲೆ ಬಾಬಾಸಾಹೇಬರ ಚಿತ್ರ, ಕೆಳಗೆ ಆಳೆತ್ತರದ ಮೈತ್ರಿ, ಅವಳ ಕಾಲ ಬಳಿ ದಿಲ್ಲಿಯ ವಿಶ್ವವಿದ್ಯಾಲಯದ ಹೆಸರು. ನಮ್ಮ ಕಡೆ ಪಿಯುಸಿ ಪಾಸಾದರೂ ಫ್ಲೆಕ್ಸ್ ಏಳುತ್ತದೆ, ಇದಕ್ಕೆ ಏಳದಿರುತ್ತದೆಯೇ. ಹುಡುಗಿಯನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮೈಸೂರಿನ ಸುದ್ದಿ ಬಂದ ದಿನ ಮೈತ್ರಿ ಕಲಬುರಗಿಯಿಂದ ಅಪ್ಪನ ಬಸ್ಸಿನಲ್ಲೇ ಬಂದಳು. ಚೌಡಾಪುರದಲ್ಲಿ ಜನ ಇಳಿದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಪ್ಪಾ, ನಾ ಮೈಸೂರಿಗಿ ಹೋಗ್ತೇನಿ. ನಂಗ ಬೇಕಾದ್ದು ಅಲ್ಲಿ ಕಲಸ್ತಾರ, ದಿಲ್ಲಿದಾಗ ಅದಿಲ್ಲ."

ಧರ್ಮಣ್ಣ ಕಿಟಕಿಯಾಚೆ ನೋಡಿದ. ಕ್ರಾಸಿನ ಫ್ಲೆಕ್ಸು ಹಿಂದೆ ಸರಿಯುತ್ತಿತ್ತು.

"ಅದಕ್ಕೇನ್ ಮಾಡ್ಲಿ ಬೇ? ನಿನ್ನ ಮಾರಿ ಕ್ರಾಸಿನ್ಯಾಗ ನಿಂತದ. ಇಡೀ ತಾಲೂಕು ನೋಡ್ಯಾದ."

"ಫ್ಲೆಕ್ಸ್ ಬಿಚ್ಚಿದ್ರ ಬಿಚ್ಚತದ. ಗೌತಮಿಗಿ ಈಗ ಒಂಬತ್ತು. ಭಾಷಾ ಕಲಿಯೋ ವಯಸ್ಸು ದಾಟಾಕತ್ತದ, ಅಪ್ಪಾ."

"ದಿಲ್ಲಿ ಮುಗಿಸ್ಕೊಂಡು ಬಾ. ಆಮ್ಯಾಲ ಮೈಸೂರಿಗಿ ಹೋಗುವಂತಿ. ಮೈಸೂರ ಎಲ್ಲಿ ಓಡಿ ಹೋಗ್ತದ?"

ಮೈಸೂರು ಓಡಿಹೋಗುವುದಿಲ್ಲ, ನಿಜ. ಮಗು ಬೆಳೆಯುವುದು ನಿಲ್ಲುವುದಿಲ್ಲ ಎಂದು ಮೈತ್ರಿ ಮತ್ತೆ ಹೇಳಲು ಹೋದಳು. ಅಷ್ಟರಲ್ಲಿ ಅವನು ಎದ್ದು ಟಿಕೆಟ್ ಕೇಳುತ್ತಾ ಹಿಂದಕ್ಕೆ ಹೋಗಿಯಾಗಿತ್ತು. ಹಿಂದೆ ಟಿಕೆಟ್ ತೆಗೆಯದವರು ಒಬ್ಬರೂ ಇರಲಿಲ್ಲ.

ಹುಣ್ಣಿಮೆಯ ದಿನ ಬಡಾವಣೆಯ ಬುದ್ಧ ವಿಹಾರದಲ್ಲಿ ಸತ್ಕಾರ. ಬಿಳಿ ಬಟ್ಟೆ ತೊಟ್ಟ ಮಂದಿ ತುಂಬಿದ್ದರು. ವಂದನೆ ಮುಗಿದ ಮೇಲೆ ದೌಲತರಾಯ ಮಾಸ್ತರರು ಮೈತ್ರಿಗೆ ಶಾಲು ಹೊದಿಸಿ ಮಾತಾಡಲು ನಿಂತರು. ತಾವು ಸಣ್ಣವರಿದ್ದಾಗ ಶಾಲೆಯ ಒಳಗೆ ಬಿಡದೆ ಹೊರಗಿನ ಕಟ್ಟೆಯಲ್ಲಿ ಕೂರಿಸಿದ್ದು, ಅಲ್ಲಿಂದಲೇ ಕತ್ತು ಚಾಚಿ ಅಕ್ಷರ ಕಲಿತದ್ದು, ಇವತ್ತು ತಮ್ಮ ಓಣಿಯ ಹುಡುಗಿ ದೇಶದ ದೊಡ್ಡ ಬಾಗಿಲಲ್ಲಿ ತಲೆಯೆತ್ತಿ ಒಳಗೆ ಹೋಗುತ್ತಿರುವುದು, ಇಷ್ಟು ಹೇಳಿ ಅವರು ಕಣ್ಣೊರೆಸಿಕೊಂಡರು. ಆ ಕಣ್ಣೀರಿನಲ್ಲಿ ಸುಳ್ಳು ಒಂದು ಹನಿಯೂ ಇರಲಿಲ್ಲ. ಅದರ ಮುಂದೆ ನಿಂತು ಮೈಸೂರಿನ ಹೆಸರೆತ್ತಲು ಯಾರಿಗೆ ಬಾಯಿ ಬಂದೀತು? ಮೈತ್ರಿ ಕೈ ಮುಗಿದಳು. ಮುಂದಿನ ಸಾಲಿನಲ್ಲಿ ಕೂತ ಗೌತಮಿ ಗದ್ದ ಮುಟ್ಟಿಕೊಂಡು ಅಕ್ಕಪಕ್ಕದವರಿಗೆ ತೋರಿಸುತ್ತಿದ್ದಳು, ಅವಳು ನನ್ನ ಅಕ್ಕ ಎಂದು.

ಮೈತ್ರಿ ದಿಲ್ಲಿಗೆ ಹೋದಳು. ಅಲ್ಲಿ ಎಡವಿದಳು ಎಂದುಕೊಳ್ಳಬೇಡಿ. ಚೆನ್ನಾಗಿ ಓದಿದಳು, ಎಂ.ಎ. ಮುಗಿಸಿದಳು, ಪ್ರೊಫೆಸರು ಬಿಡಲಿಲ್ಲವೆಂದು ಪಿಎಚ್.ಡಿ.ಗೂ ನಿಂತಳು. ಮೈಸೂರಿನ ಮಾತು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಹೋಯಿತು. ಧರ್ಮಣ್ಣ ಅದನ್ನು ತಾನಾಗಿ ಎತ್ತಲಿಲ್ಲ. ಮೊದಮೊದಲು ಪ್ರತಿ ಭಾನುವಾರ ವಿಡಿಯೋ ಕಾಲ್. ಅಂಗೈಯಗಲದ ಪರದೆಯಲ್ಲಿ ಅಕ್ಕನ ಬೆರಳುಗಳು ಮಸುಕಾಗುತ್ತಿದ್ದವು, ನೆಟ್‌ವರ್ಕ್ ಹೋದರೆ ಕೈ ಅರ್ಧ ಸನ್ನೆಯಲ್ಲೇ ನಿಂತುಬಿಡುತ್ತಿತ್ತು. ಬರಬರುತ್ತಾ ಗೌತಮಿ ಫೋನಿನ ಹತ್ತಿರ ಬರುವುದನ್ನೇ ಬಿಟ್ಟಳು. ಮೈತ್ರಿಗೂ ಭಾನುವಾರ ಬಿಡುವಾಗುವುದು ಕಡಿಮೆಯಾಯಿತು. ಊರಿಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಈ ನಡುವೆ ಕ್ರಾಸಿನ ಫ್ಲೆಕ್ಸನ್ನು ಬಿಚ್ಚಿ ಅಲ್ಲಿ ಯಾರದೋ ಹುಟ್ಟುಹಬ್ಬದ್ದು ಕಟ್ಟಿದರು. ಧರ್ಮಣ್ಣ ಮಗಳ ಫ್ಲೆಕ್ಸನ್ನು ಬಸ್ಸಿನ ಮೇಲೆ ಹಾಕಿಕೊಂಡು ಮನೆಗೆ ತಂದ. ಗಟ್ಟಿ ಸಾಮಾನು, ಎಸೆಯಲು ಮನಸ್ಸು ಬಾರದು. ಹಿತ್ತಲಲ್ಲಿ ಬಚ್ಚಲಿಗೆ ಮರೆಯಾಗಿ ಕಟ್ಟಿದ. ಆಳೆತ್ತರದ ಮೈತ್ರಿ ಅಲ್ಲಿ ನಿಂತಳು.

ಒಂದು ದಿನ ಧರ್ಮಣ್ಣ ಸ್ನಾನಕ್ಕೆಂದು ಹಿತ್ತಲಿಗೆ ಹೋದಾಗ ಗೌತಮಿ ಫ್ಲೆಕ್ಸಿನ ಮುಂದೆ ಕೂತದ್ದು ಕಂಡಿತು. ಕೈ ಬಿಡುವಿಲ್ಲದೆ ಆಡುತ್ತಿತ್ತು. ಚಿತ್ರಕ್ಕೆ ಏನೋ ಹೇಳುತ್ತಿದ್ದಳು, ಸಿಟ್ಟಾಗುತ್ತಿದ್ದಳು, ನಡುವೆ ನಗುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಆ ಸನ್ನೆಗಳಲ್ಲಿ ಅವನು ಹಿಂದೆ ಕಂಡದ್ದು ಒಂದೋ ಎರಡೋ, ಉಳಿದವೆಲ್ಲ ಹೊಸವು. ಅಂದಿನಿಂದ ದಿನಾ ಕಂಡ. ಮಾತಾಡುವವರಿಲ್ಲದ ಮಗು ಒಬ್ಬಳೇ ಮಾತು ಹುಟ್ಟಿಸಿಕೊಂಡು ಹೋಗುತ್ತಿತ್ತು. ಧರ್ಮಣ್ಣ ಅವಳ ಪಕ್ಕದಲ್ಲಿ ಹೋಗಿ ಕೂರಲಿಲ್ಲ. ಕೂತು ಏನು ಮಾಡುವುದು ಎಂದು ತಿಳಿಯಲಿಲ್ಲ, ಬಸ್ಸಿಗೂ ಹೊತ್ತಾಗಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಗೌತಮಿ ಊಟ ಬಿಟ್ಟಳು. ಹದಿಮೂರರ ಹುಡುಗಿ, ಹೆಣ್ಣುಮಕ್ಕಳ ಹೊಟ್ಟೆನೋವಿರಬೇಕೆಂದು ಶರಣಬಸಮ್ಮ ಕಷಾಯ ಕೊಟ್ಟಳು. ಹುಡುಗಿ ಒಂದು ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ಮುಷ್ಟಿಯನ್ನು ಗದ್ದಕ್ಕೆ ಮುಟ್ಟಿಸಿ, ಕೆಳಗೆ ತಂದು, ಬೆರಳು ಬಿಚ್ಚಿ, ತಿರುವಿ ಮುಚ್ಚುವುದು. ಅದನ್ನೇ ಕೆಲವು ದಿನಗಳಿಂದ ಫ್ಲೆಕ್ಸಿನ ಮುಂದೆಯೂ ಮಾಡಿದ್ದನ್ನು ಧರ್ಮಣ್ಣ ನೋಡಿದ್ದ. ಅಕ್ಕನ ನೆನಪು ಎಂದುಕೊಂಡಿದ್ದ. ಒಂದು ಬೆಳಿಗ್ಗೆ ಅವಳು ಮೈ ಕೆಂಡವಾಗಿ, ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಳು.

ಅಫಜಲಪುರದ ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು. ನೋವು ಎಲ್ಲಿ ಶುರುವಾಯಿತು, ಎಷ್ಟು ದಿನವಾಯಿತು, ವಾಂತಿಯಾಗಿತ್ತೇ ಎಂದು ಸಮಾಧಾನದಿಂದ ಕೇಳಿದರು. ಕೇಳಿದ್ದಕ್ಕೆಲ್ಲ ಅಪ್ಪ ಅವ್ವ ಒಬ್ಬರ ಮುಖ ಒಬ್ಬರು ನೋಡಿದರು. ಗೌತಮಿ ಅದೇ ಸನ್ನೆ ಮಾಡಿದಳು. ಬಸ್ಸಿನಲ್ಲಿ ಊರೆಲ್ಲರ ಸುದ್ದಿ ಹೇಳುವವನಿಗೆ ತನ್ನ ಮಗಳ ಒಂದು ಸುದ್ದಿ ಹೇಳಲಾಗಲಿಲ್ಲ. ದಿಲ್ಲಿಗೆ ವಿಡಿಯೋ ಕಾಲ್ ಹಚ್ಚಿದ.

ಮೈತ್ರಿಯ ಮುಖ ಬಂತು. ಗೌತಮಿಯ ಕಣ್ಣು ಅರಳಿತು. ಮುಷ್ಟಿಯನ್ನು ಗದ್ದಕ್ಕೆ ಮುಟ್ಟಿಸಿ, ಕೆಳಗೆ ತಂದು, ಬಿಚ್ಚಿ, ತಿರುವಿ ಮುಚ್ಚಿದಳು. ಮೈತ್ರಿ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಗೌತಮಿ ಈ ಸಲ ನಿಧಾನಕ್ಕೆ ಮಾಡಿದಳು, ಮಂದ ಮಗುವಿಗೆ ಹೇಳಿಕೊಡುವಂತೆ. ಅಕ್ಕನ ಕಣ್ಣು ಬೆರಳಿಂದ ಬೆರಳಿಗೆ ಓಡಿತು.

"ಅಪ್ಪಾ, ಗದ್ದ ಮುಟ್ಟಿದ್ದು ನಾನು. ಮುಂದಿಂದು ನಂಗ ತಿಳೀವಲ್ದು. ಇದು ಹೊಸಾದು. ನಾ ಇದ್ದಾಗ ಇದು ಇರಲಿಲ್ಲ."

ಗೌತಮಿಗೆ ಆ ಮಾತು ಕೇಳಲಿಲ್ಲ. ಅಕ್ಕನ ಮುಖ ನೋಡಿಯೇ ತಿಳಿಯಿತು. ಧರ್ಮಣ್ಣನಿಗೂ ಆಗ ತಿಳಿಯಿತು. ಈ ಹುಡುಗಿ ಇಷ್ಟು ದಿನ ಹಿತ್ತಲ ಫ್ಲೆಕ್ಸಿನ ಮುಂದೆ ಕೂತು ನೋವನ್ನು ಹೇಳಿಕೊಂಡದ್ದು ಅಕ್ಕನಿಗೇ. ಮುಖಕ್ಕೆ ಮುಖ ಕೊಟ್ಟು ದಿನಾ ಹೇಳಿದ್ದನ್ನು ಅಕ್ಕ ಈಗ ಗೊತ್ತಿಲ್ಲ ಎನ್ನುತ್ತಿದ್ದಾಳೆ. ಗೌತಮಿ ಕೈ ಇಳಿಸಿ ಗೋಡೆಯ ಕಡೆ ತಿರುಗಿದಳು.

ಆಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರು. ಹೇಳಿದ್ದಳು ಎಂದು ಧರ್ಮಣ್ಣನ ಬಾಯಿಗೆ ಬಂತು. ಎರಡು ಸಲ ಕೊಯ್ದ ಮೇಲೆ ಜೀವ ಉಳಿಯಿತು.

ಮೈತ್ರಿ ಓಡಿ ಬಂದಳು, ತಿಂಗಳು ಇದ್ದಳು. ದಿನಾ ತಂಗಿಯ ಮುಂದೆ ಕೂತು ಹಳೆಯ ಸನ್ನೆಗಳನ್ನೆಲ್ಲ ಮಾಡಿದಳು. ಗೌತಮಿ ನೋಡುತ್ತಿದ್ದಳು, ಅಷ್ಟೇ. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಕೈ ಮಡಿಲು ಬಿಟ್ಟು ಮೇಲೇಳಲಿಲ್ಲ. ಹಸಿವಾದರೆ ತಟ್ಟೆಯ ಮುಂದೆ ಬಂದು ಕೂರುವಳು. ಹಿತ್ತಲ ಫ್ಲೆಕ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಈ ವರ್ಷ ಮೈಸೂರಿಗೆ ಅರ್ಜಿ ಹಾಕುತ್ತೇನೆ ಎಂದು ಮೈತ್ರಿ ಅಪ್ಪನಿಗೆ ಹೇಳಿದಳು. ಹೋಗು ಎಂದೋ ಬೇಡ ಎಂದೋ ಹೇಳುವ ಹಕ್ಕು ತನಗಿದೆ ಎಂದು ಧರ್ಮಣ್ಣನಿಗೆ ಅನಿಸಲಿಲ್ಲ.

ಮೈತ್ರಿ ದಿಲ್ಲಿಗೆ ತಿರುಗಿ ಹೋದ ಮೇಲೆ ಒಂದು ಸಂಜೆ ಅವನು ಡ್ಯೂಟಿಯಿಂದ ಬಂದ. ದಾರಿಯಲ್ಲಿ ಯಾರೋ ದಿಲ್ಲಿಯ ಮಗಳು ಹೇಗಿದ್ದಾಳೆ ಎಂದು ಕೇಳಿದ್ದರು. ಅರಾಮ ಇದ್ದಾಳ್ರಿ ಎಂದಷ್ಟೇ ಹೇಳಿ ಮುಂದಕ್ಕೆ ನಡೆದಿದ್ದ. ಪಲ್ಲಂಗಕ್ಕೆ ಎರಡು ಏಟು ಹಾಕಿದ. ಗೌತಮಿ ತಿರುಗಿದಳು. ಅವನು ಅವಳೆದುರು ಕೂತು ಮುಷ್ಟಿ ಕಟ್ಟಿ ಗದ್ದಕ್ಕೆ ಮುಟ್ಟಿಸಿಕೊಂಡ. ಕೆಳಗೆ ತಂದು ಒರಟು ಬೆರಳು ಬಿಚ್ಚಿದ. ತಿರುವುವುದು ಎಡಕ್ಕೋ ಬಲಕ್ಕೋ ಮರೆತಿತ್ತು. ಎಡಕ್ಕೆ ತಿರುವಿದ, ಆಮೇಲೆ ಬಲಕ್ಕೆ. ಕಲಿಸು ಎಂದು ಹೇಳಲು ಅವನ ಬಳಿ ಸನ್ನೆಯಿರಲಿಲ್ಲ, ಅದನ್ನೇ ಮತ್ತೆ ಮತ್ತೆ ಮಾಡಿದ.

ಗೌತಮಿ ಮುಂದೆ ಬಾಗಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಚ್ಚಿದ ಬೆರಳುಗಳನ್ನು ಒಂದೊಂದಾಗಿ ಮಡಚಿ, ಅವನ ತೊಡೆಯ ಮೇಲೆ ಇಟ್ಟಳು. ತನ್ನ ಕೈಗಳನ್ನೂ ಮತ್ತೆ ಮಡಿಲಿಗೆ ಸೇರಿಸಿಕೊಂಡಳು.