ಅಜ್ಜಿಯ ಗಾಜಿನ ಲೋಟ

ನನ್ನ ಅಕ್ಕ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಳು. ಅಮೆರಿಕದ ಹೇವರ್ಡಿನಲ್ಲಿ ನಮ್ಮವರೆಲ್ಲ ಡಾಟ್‌ಕಾಮು, ಸ್ಟಾಕು ಎನ್ನುತ್ತಿದ್ದ ಕಾಲದಲ್ಲಿ ಅವಳು ಜಿಪ್ಸಿಗಳೆಂದು ಹೊರಗಿನವರು ಕರೆಯುವ ರೋಮಾ ಜನರ ಮನೆಗಳಿಗೆ ಹೋಗುತ್ತಿದ್ದಳು. ಶತಮಾನಗಳ ಹಿಂದೆ ನಮ್ಮ ದೇಶದಿಂದಲೇ ಹೊರಟವರಂತೆ ಅವರು. ಓದು ಹತ್ತದ ನಾನು ಅವಳ ಮೈಕು ಹೊರುತ್ತಿದ್ದೆ. ಎಲ್ಲಿ ಹೋದರೂ ಕ್ಯಾಮೆರಾವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುವಳು. "ಅವಸರ ಬೇಡ್ವೋ. ಮೊದ್ಲು ಅವ್ರು ನಮ್ಮನ್ನ ನೋಡ್ಲಿ," ಎನ್ನುವಳು.

ಒಬ್ಬ ರೋಮಾ ಅಜ್ಜಿಯ ಮನೆಗೆ ತಿಂಗಳುಗಟ್ಟಲೆ ಹೋದೆವು. ಹೊರಗಿನವರಿಗೆ ಆಕೆ ಪೇಪರ್ ಕಪ್ಪಿನಲ್ಲೇ ನೀರು ಕೊಡುತ್ತಿದ್ದಳು. ಒಂದು ದಿನ ಮನೆಯವರು ಬಳಸುವ ಗಾಜಿನ ಲೋಟಗಳಲ್ಲಿ ತಂದಳು. ಅಕ್ಕನ ಕಣ್ಣು ಅರಳಿತು. ಇನ್ನು ಚಿತ್ರ ಶುರುಮಾಡಬಹುದಿತ್ತು. ಅವಳು ತುಟಿಯಿಟ್ಟು ಕುಡಿದಳು. ನಾನು ಲೋಟ ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ಸುರಿದುಕೊಂಡೆ.

ಅಜ್ಜಿಯ ಮುಖ ಬಿಗಿಯಿತು. "ನನ್ನ ಲೋಟ ಕೊಳಕೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲಮ್ಮಾ, ನಮ್ಮಲ್ಲಿ ಅದು ಮರ್ಯಾದೆ," ಎಂದ ಅಕ್ಕ ನನ್ನ ಕಡೆ ತಿರುಗಿದಳು. "ಹೇಳೋ, ನೀನೂ ಹೇಳೋ."

ನಾನು ಹಾಗೆ ಕುಡಿದದ್ದು ಅಭ್ಯಾಸವೋ ಅಸಹ್ಯವೋ, ನನಗೇ ತಿಳಿಯಲಿಲ್ಲ. ಅಜ್ಜಿ ಎರಡೂ ಲೋಟ ಎತ್ತಿಕೊಂಡು ಒಳಗೆ ಹೋದಳು, ಹೊರಗೆ ಬರಲಿಲ್ಲ. ಮತ್ತೆ ನಮ್ಮನ್ನು ಕರೆಯಲೂ ಇಲ್ಲ. ಆ ಚಿತ್ರ ಆಗಲೇ ಇಲ್ಲ.

ಫ್ರೀವೇಯಲ್ಲಿ ಬರುವಾಗ ನಾನೇ ಬಾಯಿಬಿಟ್ಟೆ. "ಅಭ್ಯಾಸ ಕಣೇ, ಅಕ್ಕ."

"ಹೂಂ ಕಣೋ," ಎಂದಳು.

ಆ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ನಾನು ಎತ್ತಿ ಕುಡಿದವನಲ್ಲ. ಅದು ಅವಳಿಗೂ ಗೊತ್ತಿತ್ತು.