ಗುಬ್ಬಿ ಓಡಿಸುವ ಕೂಗು

ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಹಾಲ್‌ನಲ್ಲಿ ಕುರ್ಚಿ ಹಾಕಿಸಿ ಕಲಿಸುವ ರೂಢಿ ನಾನು ಚಿಕ್ಕವಳಿದ್ದಾಗ ನಮ್ಮ ದಾವಣಗೆರೆಗೆ ಇನ್ನೂ ಬಂದಿರಲಿಲ್ಲ. ಮಕ್ಕಳು ತಮ್ಮ ಪಾಡಿಗೆ ಬೆಳೆಯುತ್ತಿದ್ದವು, ಕಾಲಿಗೆ ಅಡ್ಡ ಸಿಕ್ಕಾಗ ಬೈಸಿಕೊಳ್ಳುತ್ತಿದ್ದವು. ಈಗ ಆ ರೂಢಿಯೂ ಬಂದಿದೆ. ಹೋದ ಭಾನುವಾರ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಕಿವಿಗೆ ಮೈಕ್ ಸಿಕ್ಕಿಸಿಕೊಂಡ ಮಹಾಶಯನೊಬ್ಬ, "ಮಗುವಿನ ತನ್ನತನ ಅರಳಲಿ" ಎಂದು ಎರಡು ತಾಸು ಹೇಳಿದ. ಹಾಲ್ ತುಂಬ ಕೂತಿದ್ದ ತಾಯಂದಿರು ಅದನ್ನು ಬರೆದುಕೊಂಡರು. ಅವರ ಮಕ್ಕಳು ಹೊರಗೆ ಮೆಟ್ಟಿಲ ಮೇಲೆ, ಅಬ್ಯಾಕಸ್ ಮುಗಿಸಿ ಕೀಬೋರ್ಡ್ ಕ್ಲಾಸಿಗೆ ಹೋಗಲು ಕಾಯುತ್ತಿದ್ದವು. ಅರಳಲಿ ಎನ್ನುವುದನ್ನು ಬರೆದುಕೊಳ್ಳದಿದ್ದರೆ ಮರೆತುಹೋಗುತ್ತದೆಯೇ? ನಾನೂ ಬರೆದುಕೊಂಡೆ ಅನ್ನಿ.

ಅಲ್ಲಿ ಕೂತೇ ನನಗೆ ಭಾನುವಳ್ಳಿಯ ಒಂದು ಬೇಸಿಗೆ ನೆನಪಾಯಿತು.

ಆಗ ನನ್ನ ನಾಲ್ಕನೇ ಕ್ಲಾಸು ಮುಗಿದಿತ್ತು. ಮನೆಯಲ್ಲಿ ನನ್ನ ಗಂಟಲೇ ಒಂದು ತಲೆನೋವು. ನಾನು ಬಾಯಿ ತೆಗೆದರೆ ಅಮ್ಮ ಕಿಟಕಿ ಮುಚ್ಚುತ್ತಿದ್ದಳು. "ಹೆಣ್ಣುಮಗಳ ಗಂಟಲೇನೇ ಇದು? ಪಕ್ಕದ ಮನೆಯೋರು ಏನಂದ್ಕೊಂಡಾರು?" ಪಕ್ಕದ ಮನೆಯವರ ಟೀವಿ ಇಡೀ ಬೀದಿಗೆ ಕೇಳುತ್ತಿತ್ತು, ಆ ಮಾತು ಬೇರೆ. ರಜೆ ಬಂದದ್ದೇ ನನ್ನನ್ನು ಅಪ್ಪನ ಅಕ್ಕ ಗಂಗಮ್ಮತ್ತೆಯ ಊರಿಗೆ ಕಳಿಸಿದರು. ಹರಿಹರದಲ್ಲಿ ಬಸ್ಸು ಬದಲಿಸಿ, ಮಂಡಕ್ಕಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಭಾನುವಳ್ಳಿ.

ನಾಲೆ ನೀರಿನ ಊರು ಅದು. ಬೇಸಿಗೆ ಭತ್ತ ಆಗತಾನೆ ಹಾಲುದುಂಬಿತ್ತು. ಎಳೆ ತೆನೆಯ ಸಿಹಿ ವಾಸನೆ, ಕೆಸರಿನ ವಾಸನೆ ಎರಡೂ ಸೇರಿ ಗಾಳಿಯಲ್ಲಿರುತ್ತಿದ್ದವು. ಆ ಹದಕ್ಕೆ ಸರಿಯಾಗಿ ಗುಬ್ಬಿಗಳು ಹಿಂಡುಗಟ್ಟಿ ಬಂದು ಎಳೆಗಾಳಿನ ಹಾಲು ಹೀರುತ್ತವೆ. ಹೀರಿಸಿಕೊಂಡ ಕಾಳು ಗಟ್ಟಿಯಾಗುವುದಿಲ್ಲ, ಜೊಳ್ಳಾಗುತ್ತದೆ. ಹಾಗಾಗಿ ಬೆಳಗ್ಗೆ, ಸಂಜೆ ಯಾರಾದರೂ ಬದುವಿನ ಮೇಲೆ ನಿಂತು ಕೂಗಲೇಬೇಕು. ಅತ್ತೆಗೆ ನಾಲೆಯ ಆಚೆಗೊಂದು, ಈಚೆಗೊಂದು ಗದ್ದೆ. ಇರುವವಳು ಒಬ್ಬಳೇ.

"ಕೂಗಾಕೆ ಬರ್ತೈತೇನೇ ಶೈಲಿ?" ಅಂದಳು.

"ಬರ್ತೈತೆ ಅತ್ತೆ, ಅಮ್ಮ ಬೈತಾಳೆ."

"ನಿಮ್ಮಮ್ಮ ಬಂದು ಗುಬ್ಬಿ ಕಾಯ್ತಾಳಾ? ಕೂಗು. ಕೊಯ್ಲು ಆಗೋತನಕ ಈ ಕಡೆ ಗದ್ದೆ ನಿಂದು."

ಗದ್ದೆ ನನ್ನದಂತೆ! ನಾನು ಎದೆ ತುಂಬ ಉಸಿರೆಳೆದುಕೊಂಡು ಕೂಗಿದೆ. ಇಡೀ ಹಿಂಡು ಭರ್ರನೆ ಎದ್ದು ನಾಲೆ ದಾಟಿತು. ಹತ್ತು ವರ್ಷ ಬೈಸಿಕೊಂಡ ಗಂಟಲಿಗೆ ಅವತ್ತು ಕೆಲಸ ಸಿಕ್ಕಿತು. ನನಗಾದ ಖುಷಿಯನ್ನು ಏನೆಂದು ಹೇಳಲಿ, ರೊಟ್ಟಿ, ಶೇಂಗಾಚಟ್ನಿ ಎರಡು ಪಾಲು ತಿಂದೆ.

ನಾಲ್ಕನೇ ದಿನ ಅದೇ ಕೂಗಿಗೆ ಗುಬ್ಬಿಗಳು ಕತ್ತು ಕೂಡ ತಿರುಗಿಸಲಿಲ್ಲ. ಅಳುತ್ತ ಅತ್ತೆಯ ಹತ್ತಿರ ಓಡಿದೆ.

"ಒಂದೇ ಕೂಗು ಮೂರು ದಿನ ಕೂಗಿದ್ರೆ ಅವಕ್ಕೆ ರೂಢಿ ಆಗ್ತೈತೆ. ಗುಬ್ಬಿ ಏನು ನಿಮ್ಮಪ್ಪನಂಗೆ ದಡ್ಡಾ? ಹೊಸಾದು ಹುಡುಕು."

"ಹೆಂಗೆ ಹುಡುಕ್ಲಿ?"

"ನನಗೇನು ಗೊತ್ತೈತೆ? ಗಂಟಲು ನಿಂದು."

ಇಷ್ಟು ಹೇಳಿ ಅವಳು ಹುಲ್ಲು ಕೊಯ್ಯಲು ಬಗ್ಗಿದಳು. ಮಕ್ಕಳನ್ನು ಬೆಳೆಸುವ ಅತ್ತೆಯ ವಿದ್ಯೆ ಎಲ್ಲ ಅಷ್ಟೇ. ನಾನು ಹುಡುಕಿದೆ. ಒಂದು ದಿನ ನಾಲಗೆ ಮಡಿಸಿ, ಒಂದು ದಿನ ಬಾಯಿಗೆ ಅಂಗೈ ಬಡಿಯುತ್ತ, ಒಂದು ದಿನ ಬಸ್ಸಿನ ಹಾರನ್ನಿನ ಹಾಗೆ. ಸಂಜೆ ಅತ್ತೆ ಬದುವಿನುದ್ದಕ್ಕೂ ನಡೆದು, ಅಲ್ಲೊಂದು ಇಲ್ಲೊಂದು ಕಾಳು ಹಿಚುಕಿ ನೋಡುವಳು. ಬಿಳಿ ಹಾಲು ಬಂದರೆ, "ಉಳಿದಾವೆ" ಅನ್ನುವಳು. ಭೇಷ್ ಎಂದವಳಲ್ಲ, ಬೆನ್ನು ತಟ್ಟಿದವಳೂ ಅಲ್ಲ. ಆ "ಉಳಿದಾವೆ" ಕೇಳುವುದಕ್ಕಾಗಿ ನಾನು ಕೋಳಿಗಿಂತ ಮೊದಲೇ ಏಳುತ್ತಿದ್ದೆ.

ಎರಡನೇ ಭಾನುವಾರ ಅಪ್ಪ ಬಂದ. ಅಪ್ಪ ಕಚೇರಿಯ ಗುಮಾಸ್ತ, ಕೇಳಿದ ಭಾಷಣವನ್ನೆಲ್ಲ ನಂಬುವ ಮನುಷ್ಯ. ರೇಡಿಯೋದಲ್ಲಿ ಯಾವನೋ ಭಾಷಣಕಾರ, ಪ್ರತಿ ಮಗುವಿನೊಳಗೂ ಒಂದು ಪ್ರತಿಭೆ ಅಡಗಿರುತ್ತದೆ, ಹೆತ್ತವರು ಅದನ್ನು ಹೊರತೆಗೆಯಬೇಕು ಎಂದಿದ್ದನಂತೆ. ಬೋರ್‌ವೆಲ್ ತೆಗೆಯುವವರ ಹುರುಪಿನಲ್ಲಿ ಬಂದಿದ್ದ ಅಪ್ಪನಿಗೆ ನನ್ನ ಕೂಗು ಕೇಳಿಸಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಅಕ್ಕ, ಇದು ಪ್ರತಿಭೆ!"

"ಇದು ಗುಬ್ಬಿ ಕಾಯೋದು ಕಣೋ ತಮ್ಮ."

ಅವನಿಗೆ ಕೇಳಿಸಲಿಲ್ಲ. ಹರಿಹರಕ್ಕೆ ಹೋಗಿ ಗೆಳೆಯನ ಮನೆಯಿಂದ ಟೇಪ್ ರೆಕಾರ್ಡರ್ ತಂದ. ಕ್ಯಾಸೆಟ್ಟಿನ ಒಂದು ಬದಿ ತುಂಬುವ ತನಕ ಅದೇ ಕೂಗನ್ನು ನನ್ನಿಂದ ಕೂಗಿಸಿದ. ಇನ್ನು ಮೇಲೆ ಗದ್ದೆಯನ್ನು ಕ್ಯಾಸೆಟ್ಟು ಕಾಯುತ್ತದೆ, ನಾನು ದಾವಣಗೆರೆಗೆ ಹೋಗಿ ಸಂಗೀತ ಕಲಿಯುತ್ತೇನೆ, ಇದು ಅವನ ಯೋಜನೆ.

"ಬ್ಯಾಡ ಕಣೋ, ಕೊಯ್ಲಿನ ತನಕ ಇರ್ಲಿ. ಕೂಸು ಚೆನ್ನಾಗೈತೆ ಇಲ್ಲಿ."

"ನಿನಗೆ ಇದೆಲ್ಲ ತಿಳಿಯಲ್ಲ ಅಕ್ಕ."

ನಾನು ಬೇವಿನ ಮರ ತಬ್ಬಿಕೊಂಡು ಬರುವುದಿಲ್ಲವೆಂದು ಅಳತೊಡಗಿದೆ. ಅಪ್ಪ ನನ್ನ ಕೈ ಬಿಡಿಸಿ, ಅದೇ ಮರದ ಕೊಂಬೆಗೆ ಟೇಪ್ ರೆಕಾರ್ಡರ್ ಕಟ್ಟಿದ. ನನ್ನ ಒಳಿತಿಗಾಗಿಯೇ.

ಆಮೇಲಿನ ಮೂರು ವಾರ ನಮ್ಮ ಮನೆಗೆ ಬಂದವರೆಲ್ಲರಿಗೂ ಮಂಡಕ್ಕಿ, ಮಿರ್ಚಿ ಮತ್ತು ನಾನು. ಹಿಂದೆ ಕಿಟಕಿ ಮುಚ್ಚುತ್ತಿದ್ದ ಅಮ್ಮನೇ ಈಗ ತೆರೆದಿಡುತ್ತಿದ್ದಳು. "ಶೈಲಾ, ಆ ಕೂಗು ಒಂದ್ಸಲ ಕೂಗಮ್ಮ." ನಾನು ಬೇರೆ ರೀತಿ ಕೂಗಿದರೆ ಅಪ್ಪ, "ಅದಲ್ಲ, ಕ್ಯಾಸೆಟ್ಟಿಂದು" ಅನ್ನುವನು. ಸಂಗೀತದ ಮೇಷ್ಟ್ರು ಕೂಗಿನ ಒರಟು ತೆಗೆದು, ಬಾಲಕ್ಕೊಂದು ಬಳುಕು ಸೇರಿಸಿದರು. ಮಿರ್ಚಿ ಕಚ್ಚುತ್ತಲೇ ಜನ ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬನೂ ಜನ್ಮದಲ್ಲಿ ಗುಬ್ಬಿ ಓಡಿಸಿದವನಲ್ಲ.

ಕೊಯ್ಲಿಗೆಂದು ಭಾನುವಳ್ಳಿಗೆ ಹೋದೆವು. ತಮ್ಮನ ಮಾತು ಮೀರಬಾರದೆಂದು ಅತ್ತೆ ದಿನವೂ ಟೇಪು ಹಚ್ಚಿಟ್ಟು, ತಾನು ಆಚೆಯ ಗದ್ದೆ ಕಾಯಲು ಹೋಗುತ್ತಿದ್ದಳಂತೆ. ನನ್ನ ಗದ್ದೆಯ ತೆನೆಗಳು ತೂಗುತ್ತಿರಲಿಲ್ಲ, ನೆಟ್ಟಗೆ ನಿಂತಿದ್ದವು. ಟೇಪ್ ರೆಕಾರ್ಡರ್ ನನ್ನ ದನಿಯಲ್ಲಿ ಅರಚುತ್ತಿತ್ತು. ಅದರ ಹಿಡಿಯ ಮೇಲೆ ಎರಡು ಗುಬ್ಬಿಗಳು ಕೂತು ರೆಕ್ಕೆ ಕೆದರಿಕೊಳ್ಳುತ್ತಿದ್ದವು.

ನಾನು ಬದುವಿಗೆ ಓಡಿ ಕೂಗಿದೆ. ಹೊಸದೊಂದು ಹುಡುಕಬೇಕೆಂದುಕೊಂಡರೂ ಬಂದದ್ದು ಅದೇ, ಬಾಲಕ್ಕೆ ಬಳುಕು ಸಮೇತ. ಒಂದು ಗುಬ್ಬಿಯೂ ಏಳಲಿಲ್ಲ. ಮತ್ತೆ ಕೂಗಿದೆ. ಅತ್ತೆ ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ ಊದಿದಳು. ಎಲ್ಲವೂ ಹಾರಿಹೋಯಿತು, ಅಂಗೈಯಲ್ಲಿ ಏನೂ ಉಳಿಯಲಿಲ್ಲ. ಅವಳು ಬೈಯಲಿಲ್ಲ. ಮೆಲ್ಲಗೆ ಕೇಳಿದಳು:

"ಕೂಗಿ ಕೂಗಿ ನಮ್ಮ ಮಕ ಯಾಕ ನೋಡ್ತೀಯೇ ಶೈಲಿ? ಮೊದ್ಲು ಗುಬ್ಬಿ ಕಡೆ ನೋಡ್ತಿದ್ಯಲ್ಲೇ."

ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ, "ಪ್ರತಿಭೆ ಬೆಳೀಬೇಕಾದ್ರೆ ಇಂಥ ಸಣ್ಣಪುಟ್ಟದ್ದು ಆಗೇ ಆಗ್ತೈತೆ" ಎಂದು ನನ್ನ ತಲೆ ಸವರಿದ. ಕ್ಯಾಸೆಟ್ಟು ಅವನ ಜೇಬಿನಲ್ಲಿ ಭದ್ರವಾಗಿತ್ತು. ಸಂಗೀತವನ್ನು ಎರಡು ವರ್ಷ ಕಲಿತು ಬಿಟ್ಟೆ. ಈಗ ನನ್ನ ದನಿ ಬಲು ಮೆತ್ತಗೆ, ಬಂದ ನೆಂಟರೆಲ್ಲ ಹೊಗಳುತ್ತಾರೆ. ಅತ್ತೆ ತೀರಿಕೊಂಡಳು. "ಉಳಿದಾವೆ" ಎಂದು ನನಗೆ ಮತ್ತೆ ಯಾರೂ ಹೇಳಲಿಲ್ಲ, ಹೇಳುವಂಥದ್ದು ಉಳಿದಿರಲೂ ಇಲ್ಲ.

ಮೊನ್ನೆ ಆ ಮಹಾಶಯನ ಪಾಠ ಮುಗಿಸಿ ಮನೆಗೆ ಬಂದೆ. ಆರು ವರ್ಷದ ಮಗಳು ಬಾಗಿಲ ಬಳಿ ಮನೆಯವರೆಲ್ಲರ ಚಪ್ಪಲಿಗಳನ್ನು ಎರಡು ಸಾಲಿನಲ್ಲಿ ಜೋಡಿಸಿ ಬಸ್ಸು ಮಾಡಿದ್ದಳು. ತಾನೇ ಕಂಡಕ್ಟರ್. "ಹರಿಹರ, ಹರಿಹರ, ಹರಿಹರ! ಒಳಗೆ ಸರೀರಿ ಅಜ್ಜಾರೇ, ಬಾಗಿಲಾಗೆ ನಿಲ್ಲಬ್ಯಾಡ್ರಿ!" ಅವಳ ಗಂಟಲು ಬೀದಿಗೆ ಕೇಳುತ್ತಿತ್ತು. ನಾನು ಬಂದದ್ದು ಅವಳಿಗೆ ತಿಳಿಯಲೇ ಇಲ್ಲ.

ಸುಮ್ಮನೆ ನಿಂತಿದ್ದರೆ ಸಾಕಿತ್ತು. ಬ್ಯಾಗಿನಲ್ಲಿ ಅರಳಲಿ ಎಂದು ಬರೆದುಕೊಂಡ ಪುಸ್ತಕವಿತ್ತು. ಅದರ ಪಕ್ಕದಲ್ಲಿದ್ದ ಮೊಬೈಲ್ ತೆಗೆದು ಅವಳತ್ತ ಹಿಡಿದೆ.

ಅವಳು ತಿರುಗಿ ನೋಡಿದಳು. ಕೂದಲು ಸರಿಮಾಡಿಕೊಂಡು ನಕ್ಕಳು.

"ಅಮ್ಮ, ಮೊದಲಿಂದ ಮಾಡ್ಲಾ?"

ಮೊದಲಿಂದ ಮಾಡಿದಳು. ಚಪ್ಪಲಿಗಳ ಕಡೆ ಒಮ್ಮೆಯೂ ನೋಡಲಿಲ್ಲ.