ಚುಚ್ಚದೆ ಬಿಟ್ಟ ಚೀಲ

ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಅಪ್ಪ ಹೋದಮೇಲೆ ನಾನೇ ನಡೆಸುತ್ತಿದ್ದೇನೆ. ಭತ್ತ ಬಂದರೆ ಮೊನಚು ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಹಲ್ಲಲ್ಲಿ ಕಚ್ಚಿ ನೋಡಿಯೇ ಇಳಿಸಿಕೊಳ್ಳುವುದು. ಆದರೆ ನೆಂಟರ, ಬೇಕಾದವರ ಚೀಲಕ್ಕೆ ಚುಚ್ಚುವಂತಿಲ್ಲ. ಚುಚ್ಚಿದರೆ, ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದ ಹಾಗೆ. ಅಪ್ಪನ ಕಾಲದಿಂದ ಬಂದ ಈ ಮುಲಾಜನ್ನು ಗಿರಣಿಯಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಗೂ ಹೊತ್ತುಕೊಂಡು ಹೋದೆ.

ಬಲಗಾಲಿನ ತೊಡೆಯಲ್ಲಿ, ಮಂಡಿಯಿಂದ ಗೇಣು ಮೇಲೆ, ಒಂದು ಗಂಟು ಎದ್ದಿತ್ತು. ನಿಂಬೆಹಣ್ಣಿನಷ್ಟು, ನೋವಿಲ್ಲ. ಹತ್ತಿರದ ಸಣ್ಣ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿಯ ಡಾಕ್ಟರು ನಮಗೆ ಬೇಕಾದವರು, ಅವರ ಮನೆಯ ಭತ್ತ ನಮ್ಮಲ್ಲಿಗೇ ಬರುತ್ತದೆ. ಕೊಬ್ಬಿನ ಗಡ್ಡೆ ಎಂದರು, ಅರ್ಧ ಗಂಟೆಯಲ್ಲಿ ಕೊಯ್ದು ತೆಗೆದರು. ಪರೀಕ್ಷೆಗೆ ಕಳಿಸೋಣವೇ ಎಂದು ಒಂದು ಮಾತು ಕೇಳಿದ್ದು ನಿಜ. ನೀವೇ ನೋಡಿದ್ದೀರಲ್ಲ, ಇನ್ನೇನು ಪರೀಕ್ಷೆ, ಬಿಸಾಕಿ ಎಂದವಳು ನಾನೇ. ಏನು ದೊಡ್ಡಸ್ತಿಕೆ ನನ್ನದು! ಅವರೂ ಒತ್ತಾಯಿಸಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಅವರ ಮೇಲೂ, ನನ್ನ ಮೇಲೂ.

ಐದು ತಿಂಗಳಿಗೆ ಹೊಲಿಗೆಯ ಗುರುತಿನ ಪಕ್ಕದಲ್ಲೇ ಗಂಟು ಮತ್ತೆ ಎದ್ದಿತು. ಹೊಸಪೇಟೆಯಲ್ಲಿ ರೈಲು ಹತ್ತಿ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಮೊದಲು ಸೂಜಿ ಚುಚ್ಚಿ ಚೂರು ತೆಗೆದು ನೋಡಿದರು. ಸಾರ್ಕೋಮಾ, ಅಂದರೆ ಮಾಂಸಖಂಡದ ನಡುವೆ ಹುಟ್ಟುವ ಕ್ಯಾನ್ಸರು. ಮೊದಲ ಸಲ ಗಡ್ಡೆಯನ್ನಷ್ಟೇ ಕಿತ್ತಿದ್ದಾರೆ, ಸುತ್ತ ರೋಗ ಉಳಿದಿದೆ. ಹಳೆಯ ಗಾಯ, ಅದರ ಸುತ್ತಲಿನ ಒಳ್ಳೆಯ ಮಾಂಸ ಎಲ್ಲ ಸೇರಿಸಿ ಮತ್ತೆ ಕೊಯ್ಯಬೇಕು ಎಂದರು ಅಲ್ಲಿಯ ಡಾಕ್ಟರಮ್ಮ. ಕಾಲು ಉಳಿಸಲು ನೋಡುತ್ತೇವೆ, ಆದರೆ ಮಾತು ಕೊಡಲಾರೆ ಎಂದೂ ಹೇಳಿದರು.

ಸುದ್ದಿ ತಿಳಿದು ಎಮ್ಮಿಗನೂರಿನಿಂದ ಸೋದರಮಾವ ಬಂದರು. ಸಂಡೂರಿನ ಕಡೆ ನಾಟಿ ಔಷಧ ಕೊಡುವವನೊಬ್ಬನನ್ನು ಆಗಲೇ ವಿಚಾರಿಸಿಕೊಂಡು ಬಂದಿದ್ದರು.

"ಒಮ್ಮೆ ಚಾಕು ಮುಟ್ಟಿಸಿದ್ದಕ್ಕ ಹಿಂಗಾತು. ಇನ್ನೊಮ್ಮೆ ಮುಟ್ಟಿಸಿದ್ರ ಮೈಯೆಲ್ಲಾ ಹರಡ್ತೈತಿ. ಬ್ಯಾಡವ್ವಾ," ಎಂದರು.

"ಕೊಯ್ಸಿದ್ದು ತಪ್ಪಲ್ಲ ಮಾವ, ನೋಡದ ಬಿಸಾಕಿದ್ದು ತಪ್ಪು," ಎಂದೆ.

ಹಿರಿಯರ ಮಾತು ಮೀರಿದೆನೆಂದು ಮಾವ ಮುನಿಸಿಕೊಂಡು ಎದ್ದು ಹೋದರು. ಹೋಗಲಿ! ಕಾಲು ನನ್ನದು, ಜೀವವೂ ನನ್ನದು.

ಆಪರೇಷನ್ನಿನ ದಿನ ಡಾಕ್ಟರಮ್ಮನಿಗೆ ಹೇಳಿದೆ, ತೆಗೆದದ್ದರಲ್ಲಿ ಒಂದು ಚೂರನ್ನೂ ಬಿಸಾಕಬೇಡಿ ಎಂದು. ಅವರು ನಕ್ಕು, ಸುತ್ತಲಿನ ಅಂಚನ್ನೆಲ್ಲ ಪರೀಕ್ಷೆ ಮಾಡಿಸುತ್ತೇವಮ್ಮಾ ಎಂದರು. ಎಚ್ಚರವಾದಾಗ ಮೊದಲು ನೋಡಿದ್ದು ಬಲಗಾಲಿನ ಬೆರಳು. ಐದೂ ಇದ್ದವು. ವರದಿ ಬರುವ ತನಕ ಅವನ್ನೇ ಅಲ್ಲಾಡಿಸುತ್ತ ಮಲಗಿದ್ದೆ, ಭಯವಿರಲಿಲ್ಲ ಎಂದರೆ ಸುಳ್ಳಾದೀತು. ಅಂಚುಗಳಲ್ಲಿ ಏನೂ ಇಲ್ಲವೆಂದು ವರದಿ ಬಂತು. ಆಮೇಲೆ ಕೆಲವು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು, ಚರ್ಮ ಸುಟ್ಟು ಕಪ್ಪಾಯಿತು. ತೊಡೆಯ ಮಾಂಸ ಅಷ್ಟು ಹೋದಮೇಲೆ ಕಾಲು ಎಳೆದುಕೊಂಡೇ ನಡೆಯಬೇಕು. ಡಾಕ್ಟರಮ್ಮ, ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ, ಅದು ಅಲ್ಲೇ ಮತ್ತೆ ಬರಬಹುದು, ಶ್ವಾಸಕೋಶದಲ್ಲೂ ಕಾಣಿಸಿಕೊಳ್ಳಬಹುದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಬರುವುದಾದರೆ ಬರಲಿ, ಹುಡುಕಿಸಲು ನಾನೂ ಬರುತ್ತೇನೆ ಎಂದೆ. ಒಂದು ಸಲವೂ ತಪ್ಪಿಸಿಲ್ಲ.

ಈ ಸುಗ್ಗಿಗೆ ಮಾವ ಟ್ರ್ಯಾಕ್ಟರಿನಲ್ಲಿ ಭತ್ತ ತಂದರು. ಮುನಿಸಿಕೊಂಡು ಹೋದ ಅವತ್ತಿನಿಂದ ನಮ್ಮಲ್ಲಿ ಮಾತಿರಲಿಲ್ಲ. ಬೆಂಚಿನ ಮೇಲೆ ಕೂತು, ಮನೆಯದೇ ಮಾಲು, ಇಳಿಸಿಕೋ ಎಂದರು. ನಾನು ಗೋಡೆಗಿದ್ದ ಕೊಳವೆ ತೆಗೆದುಕೊಂಡು ಕಾಲೆಳೆಯುತ್ತ ಟ್ರ್ಯಾಕ್ಟರಿನ ಹತ್ತಿರ ಹೋದೆ. ಹಮಾಲರು ಕೆಲಸ ಬಿಟ್ಟು ನಿಂತರು. ಮಾವನ ಮುಖ ಕೆಂಪಾಯಿತು.

"ನಮ್ಮವರು ಅಂತ ಒಮ್ಮೆ ನೋಡದ ಬಿಟ್ಟೆ, ಮಾವ. ಅರ್ಧ ತೊಡಿ ಹೋತು. ಇನ್ ಯಾರನ್ನೂ ಬಿಡಂಗಿಲ್ಲ," ಎಂದು ಮೊದಲ ಚೀಲಕ್ಕೆ ಚುಚ್ಚಿದೆ.

ಮಾವ ತುಸು ಹೊತ್ತು ನನ್ನ ಕಾಲನ್ನೇ ನೋಡಿದರು. ಆಮೇಲೆ ಎದ್ದು ಬಂದು, ಎರಡನೇ ಚೀಲವನ್ನು ತಾವೇ ನನ್ನ ಕಡೆಗೆ ತಿರುಗಿಸಿ ಹಿಡಿದರು.